ಸ್ಪೀಕರ್ ಹುಡುಕೋದು ಬಿಡಿ, ಮೊದ್ಲು ದಿನ ಗಟ್ಟಿ ಮಾಡ್ಕೊಳ್ಳಿ

ಬ್ಯಾಕೆಂಡ್ ಡೆವಲಪರ್ ಕೆಲಸದ ಜೊತೆಜೊತೆಗೇ ಸುತ್ತಮುತ್ತಲಿನ ಡೆವಲಪರ್‌ಗಳನ್ನ ತಿಂಗಳಿಗೊಂದು ಸಲ ಒಂದು ಕಡೆ ಸೇರಿಸೋದನ್ನ ವರ್ಷಗಳಿಂದ ಮಾಡ್ಕೊಂಡು ಬಂದಿದೀನಿ. ಹೊಸದಾಗಿ ಮೀಟಪ್ ಶುರು ಮಾಡೋರು ಮೊದ್ಲು ಕೇಳೋದು ಸ್ಪೀಕರ್ ಎಲ್ಲಿಂದ ಕರೆಸೋದು ಅಂತ. ಯಾರನ್ನೂ ಕರೆಸ್ಬೇಡಿ ಅಂತೀನಿ ನಾನು. ತಿಂಗಳ ಎರಡನೇ ಗುರುವಾರ ಸಂಜೆ ಅಂತ ಒಂದು ದಿನ ಗಟ್ಟಿ ಮಾಡಿ, ನಾಕು ಜನ ಬರ್ಲಿ ನಲವತ್ತು ಜನ ಬರ್ಲಿ ಆ ದಿನ ಮಾತ್ರ ಬದಲಾಯಿಸ್ಬೇಡಿ, ಏನು ಮಾತಾಡೋದು ಅನ್ನೋದನ್ನ ಬಂದೋರೇ ಕೂತು ನಿರ್ಧಾರ ಮಾಡ್ಲಿ.

ಇದೇನೂ ನಾನು ಕಂಡುಹಿಡಿದಿದ್ದಲ್ಲ. ಹ್ಯಾರಿಸನ್ ಓವನ್ ಅನ್ನೋರು ಕಷ್ಟಪಟ್ಟು ಒಂದು ದೊಡ್ಡ ಸಮ್ಮೇಳನ ಮಾಡಿದ್ರಂತೆ, ಬಂದೋರೆಲ್ಲ ಇಷ್ಟಪಟ್ಟಿದ್ದು ಕಾಫಿ ಬ್ರೇಕನ್ನ, ಹಾಗಾಗಿ 1985ರಲ್ಲಿ ಅಜೆಂಡಾನ ಬಂದೋರೇ ಬರೆಯೋ ಓಪನ್ ಸ್ಪೇಸ್ ಪದ್ಧತಿ ಶುರುವಾಯ್ತು. ಅದರಲ್ಲಿ ಎರಡು ಕಾಲಿನ ನಿಯಮ ಅಂತ ಒಂದಿದೆ, ಕೂತಿರೋ ಜಾಗದಲ್ಲಿ ನೀವು ಕಲೀತಾನೂ ಇಲ್ಲ ಕಲಿಸ್ತಾನೂ ಇಲ್ಲ ಅಂದ್ರೆ ಎದ್ದು ಇನ್ನೊಂದು ಗುಂಪಿಗೆ ಹೋಗಿ, ಯಾರೂ ಬೇಜಾರು ಮಾಡ್ಕೊಳ್ಳಲ್ಲ. 2005ರ ಆಗಸ್ಟಲ್ಲಿ ಅಮೆರಿಕದ ಪಾಲೊ ಆಲ್ಟೊದಲ್ಲಿ ನಡೆದ ಮೊದಲ ಬಾರ್‌ಕ್ಯಾಂಪನ್ನ, ಅದೂ ಬಂದೋರೇ ವಿಷಯ ತರೋ ಥರದ ಟೆಕ್ ಸಮ್ಮೇಳನ, ಒಂದು ವಾರಕ್ಕೂ ಕಮ್ಮಿ ತಯಾರಿಲಿ ಮಾಡಿದ್ರು.

ಚಿಕ್ಕ ಗುಂಪಿಗೆ ನನ್ನ ಪ್ರಕಾರ ಲೀನ್ ಕಾಫಿಗಿಂತ ಒಳ್ಳೇದಿಲ್ಲ. 2009ರಲ್ಲಿ ಸಿಯಾಟಲ್‌ನಲ್ಲಿ ಶುರುವಾಗಿದ್ದು. ಪ್ರತಿಯೊಬ್ರೂ ತಮಗೆ ಬೇಕಾದ ವಿಷಯನ ಚೀಟಿಲಿ ಬರೀತಾರೆ, ಎಲ್ರೂ ಚುಕ್ಕೆ ಇಟ್ಟು ವೋಟ್ ಹಾಕ್ತಾರೆ, ಜಾಸ್ತಿ ವೋಟ್ ಬಿದ್ದಿದ್ದನ್ನ ಮೊದ್ಲು ತಗೊಂಡು ಟೈಮರ್ ಇಟ್ಟು ಮಾತಾಡೋದು, ಟೈಮ್ ಮುಗಿದ ಮೇಲೆ ಮುಂದುವರಿಸ್ಬೇಕಾ ಬೇಡ್ವಾ ಅಂತ ಹೆಬ್ಬೆರಳಲ್ಲೇ ಕೇಳೋದು. ಮಾತು ಜಾಸ್ತಿ ಇರೋರು ಪೂರ್ತಿ ಸಂಜೆ ನುಂಗಿಹಾಕೋಕೆ ಆಗಲ್ಲ, ಬಾಯಿಬಿಡದೆ ಕೂರೋರ ಚೀಟಿನೂ ಮೇಜಿನ ಮೇಲೇ ಇರುತ್ತೆ.

ಒಂದ್ಸಲ ಹೀಗೇ ಕೂತಿದ್ವಿ, ಕೆಲಸಕ್ಕೆ ಸೇರಿ ಇನ್ನೂ ಸ್ವಲ್ಪ ದಿನ ಆಗಿದ್ದ ಹುಡುಗಿಯೊಬ್ಳು 'ರಾತ್ರಿ ಬಿಲ್ಡಲ್ಲಿ ಮಾತ್ರ ಟೆಸ್ಟ್ ಫೇಲ್' ಅಂತ ಬರೆದಿದ್ಲು, ಅಂದ್ರೆ ರಾತ್ರಿ ಹೊತ್ತು ಕೋಡನ್ನ ತಾನಾಗೇ ಜೋಡಿಸಿ ಪರೀಕ್ಷೆ ಮಾಡುವಾಗ ಮಾತ್ರ ತಪ್ಪು ಬರ್ತಿತ್ತು. ಬೇರೆ ಕಂಪನಿಯೋರೊಬ್ರು ಕೇಳಿದ್ರು, "ಇವತ್ತಿನ ತಾರೀಖನ್ನ ಎಲ್ಲಿಂದ ತಗೋತೀಯಮ್ಮ?" ಕೋಡು ತಾರೀಖನ್ನ ಮಷೀನಿನ ಲೋಕಲ್ ಟೈಮಿಂದ ತಗೋತಿತ್ತು, ಡೇಟಾಬೇಸ್ ಯುಟಿಸಿಲಿ, ಅಂದ್ರೆ ಇಡೀ ಜಗತ್ತಿಗೆ ಒಂದೇ ಆಗಿರೋ ಟೈಮಲ್ಲಿ, ಬರ್ಕೋತಿತ್ತು, ಹಗಲಲ್ಲಿ ಎರಡೂ ಒಂದೇ ತಾರೀಖು ಹೇಳ್ತಿದ್ವು, ರಾತ್ರಿ ಕೆಲವು ಗಂಟೆ ಮಾತ್ರ ಒಂದು ದಿನ ಹಿಂದೆಮುಂದೆ ಆಗ್ತಿತ್ತು. ಫಂಕ್ಷನ್ ಒಳಗೇ ಟೈಮ್ ಕೇಳೋ ಬದ್ಲು ಗಡಿಯಾರನ ಹೊರಗಿಂದ ಪ್ಯಾರಾಮೀಟರ್ ಆಗಿ ಕೊಡು, ಎರಡೂ ಕಡೆ ಯುಟಿಸಿ ಇಟ್ಕೋ ಅಂದ್ರು, ಅಲ್ಲೇ ಲ್ಯಾಪ್‌ಟಾಪ್ ತೆಗೆದು ಸರಿ ಮಾಡಿದ್ಲು. ಮಾರನೇ ದಿನ ಆಫೀಸಿಗೆ ಹೋಗಿ ನಮ್ಮ ಕೋಡಲ್ಲೂ ಹುಡುಕಿದೆ, ಅದೇ ಥರದ್ದು ಸಿಕ್ತು. ಯಾವ ಸ್ಲೈಡ್ ಡೆಕ್ಕೂ ನಂಗೆ ಇದನ್ನ ಕೊಡ್ತಿರ್ಲಿಲ್ಲ.

ಹೊಸಬರು ಜಾಸ್ತಿ ಇದ್ರೆ ಕೋಡ್ ರಿಟ್ರೀಟ್ ಮಾಡಿ. ಜೋಡಿಯಾಗಿ ಕೂತು 45 ನಿಮಿಷ ಕಾನ್ವೇ ಅನ್ನೋ ಗಣಿತಜ್ಞರ ಗೇಮ್ ಆಫ್ ಲೈಫ್, ಅಂದ್ರೆ ಚೌಕಗಳು ನಿಯಮದ ಪ್ರಕಾರ ಹುಟ್ಟಿ ಸಾಯೋ ಒಂದು ಚಿಕ್ಕ ಪ್ರೋಗ್ರಾಂ, ಬರೆಯೋದು, ಟೈಮ್ ಆದ ಕೂಡ್ಲೇ ಬರೆದಿದ್ದೆಲ್ಲ ಡಿಲೀಟ್, ಜೋಡಿ ಬದಲಾಯಿಸಿ ಮತ್ತೆ ಶುರು. ಅಳಿಸೋದು ಗೊತ್ತಿರೋದ್ರಿಂದ ಮುಗಿಸ್ಲೇಬೇಕು ಅನ್ನೋ ಒತ್ತಡ ಇರಲ್ಲ, ಕೋಡಿಗಿಂತ ಟೆಸ್ಟ್ ಮೊದಲು ಬರೆಯೋದನ್ನೆಲ್ಲ ಧೈರ್ಯವಾಗಿ ಟ್ರೈ ಮಾಡ್ತಾರೆ.

ಕೆಲವು ವಿಷಯದಲ್ಲಿ ಮಾತ್ರ ಸಡಿಲ ಬಿಡ್ಬೇಡಿ. ಕಸ್ಟಮರ್ ಹೆಸರು, ಪ್ರೊಡಕ್ಷನ್ ಡೇಟಾ (ಕಂಪನಿಯ ಚಾಲ್ತಿ ಸಿಸ್ಟಮ್ಮಿನ ನಿಜವಾದ ಮಾಹಿತಿ) ತೆರೀಬಾರ್ದು. ನೇಮಕಾತಿಯೋರು ಬರ್ಬೋದು, ಚೀಟಿ ಬರೆದು ಎಲ್ಲರ ಹಾಗೆ ಕೂರ್ಬೇಕು ಅಷ್ಟೆ. ಯಾರಾದ್ರೂ ಕೆಟ್ಟದಾಗಿ ನಡ್ಕೊಂಡ್ರೆ ಯಾರ ಹತ್ರ ಹೇಳ್ಬೇಕು ಅನ್ನೋದನ್ನ ಶುರುವಿನಲ್ಲೇ ಎದ್ದು ನಿಂತು ಹೇಳ್ಬೇಕು, ಒಬ್ಬೊಬ್ರೇ ಬರೋ ಹೆಣ್ಮಕ್ಕಳಿಗೆ ಇದು ಎಷ್ಟು ಮುಖ್ಯ ಅಂತ ಅವರೇ ನಂಗೆ ಹೇಳಿದಾರೆ.

ಇಂಥ ಗುಂಪುಗಳು ಸಾಯೋದು ಜನ ಇಲ್ದೆ ಅಲ್ಲ, ನಡೆಸೋ ಒಬ್ಬರಿಗೆ ಆಫೀಸಲ್ಲಿ ರಿಲೀಸ್, ಅಂದ್ರೆ ಸಾಫ್ಟ್‌ವೇರಿನ ಹೊಸ ವರ್ಷನ್ ಬಿಡೋ ಕೆಲಸ, ಬಂದಾಗ. ಅದಕ್ಕೇ ರೂಮಿನ ಕೀಲಿ, ಮೆಸೇಜ್ ಗ್ರೂಪಿನ ಅಡ್ಮಿನ್, ಜಾಗ ಕೊಟ್ಟೋರ ನಂಬರ್ ಇವಿಷ್ಟೂ ಮೊದಲ ತಿಂಗಳಿಂದಲೇ ಕನಿಷ್ಠ ಮೂರು ಜನರ ಹತ್ರ ಇರ್ಲಿ, ಟೈಮರ್ ಹಿಡಿಯೋ ಕೆಲಸ ಪ್ರತಿ ಸಲ ಬೇರೆಯೋರಿಗೆ ಹೋಗ್ಲಿ. ನಮ್ಮಲ್ಲಿ ಈಗ ಮುಂದಿನ ತಿಂಗಳು ಯಾರು ನಡೆಸ್ತಾರೆ ಅನ್ನೋದನ್ನ ಎದ್ದು ಹೋಗೋ ಮುಂಚೆನೇ ಬರ್ಕೊಂಡುಬಿಡ್ತೀವಿ, ಮುಂದಿನ ಸಲದ ಸರದಿ ಆ ತಾರೀಖಿನ ಬಗ್ ತಂದಿದ್ದ ಹುಡುಗೀದು.