ದೊರೆಯ ಕಣ್ಣಿಗೆ ಬೇಡವಾದ ಊರು

ಮಿಲ್ಟನ್ ಆಬಸ್ ಅಂದರೆ ಒಂದೇ ಬೀದಿ. ಇಂಗ್ಲೆಂಡಿನ ದಕ್ಷಿಣದಲ್ಲಿರುವ ಡಾರ್ಸೆಟ್‌ನ ಒಂದು ಕಣಿವೆಯಲ್ಲಿ ಇಳಿಜಾರಾಗಿ ಹಾದುಹೋಗುತ್ತದೆ. ಎರಡೂ ಬದಿಗೆ ಬಿಳಿ ಗೋಡೆ, ಹುಲ್ಲು ಹೊದಿಸಿದ ಚಾವಣಿ. 36 ಮನೆಗಳೂ ಹೆಚ್ಚುಕಮ್ಮಿ ಒಂದೇ ಅಚ್ಚು. ಲಂಡನ್, ಬಾತ್, ಸ್ಟೋನ್‌ಹೆಂಜ್ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ, ಅವನ್ನೆಲ್ಲ ಬಿಟ್ಟುಬಿಡುತ್ತೇನೆ. ನನಗೆ ಇವತ್ತಿಗೂ ಕಾಡುವುದು ಈ ಬೀದಿ.

ನೋಡಿದರೆ ಸಾವಿರ ವರ್ಷದಿಂದ ಹೀಗೇ ಇದೆ ಅನ್ನಿಸುತ್ತದೆ. ಆದರೆ ಇದು 1780ರ ಹೊತ್ತಿಗೆ ಕಟ್ಟಿದ ಊರು. ನಿಜವಾದ ಹಳೇ ಊರು ಇಲ್ಲಿಂದ ಮೈಲಿಯೂ ಇಲ್ಲದಷ್ಟು ದೂರದಲ್ಲಿ, ಒಂದು ಮಠದ ಮಗ್ಗುಲಲ್ಲಿತ್ತು. ಹತ್ತನೇ ಶತಮಾನದಲ್ಲಿ ಅಥೆಲ್‌ಸ್ಟನ್ ರಾಜ ಕಟ್ಟಿಸಿದ ಮಠ. ಎಂಟನೇ ಹೆನ್ರಿ ಮಠಗಳನ್ನೆಲ್ಲ ಮುಚ್ಚಿಸಿದಾಗ, ಅವನ ವಿಚ್ಛೇದನಕ್ಕೆ ಓಡಾಡಿದ್ದ ಟ್ರೆಗನ್ವೆಲ್ ಎಂಬ ವಕೀಲ ಇದನ್ನು 1,000 ಪೌಂಡಿಗೆ ಕೊಂಡುಕೊಂಡ. ಮಠ ಹೋದರೂ ಊರು ಉಳಿಯಿತು. ಸಂತೆ, ಶಾಲೆ, ಛತ್ರ, ಹೆಂಡದ ಅಂಗಡಿ ಎಲ್ಲ ಇದ್ದ ಊರು.

1752ರಲ್ಲಿ ಜೋಸೆಫ್ ಡೇಮರ್ ಇಡೀ ಆಸ್ತಿಯನ್ನು ಕೊಂಡ. ಮುಂದೆ ಲಾರ್ಡ್ ಮಿಲ್ಟನ್ ಆದವನು ಇವನೇ. ದೊಡ್ಡ ಬಂಗಲೆ ಕಟ್ಟಲು ವಾಸ್ತುಶಿಲ್ಪಿ ವಿಲಿಯಂ ಚೇಂಬರ್ಸ್ ಬಂದ. ತೋಟ, ಕೆರೆಗೆ ಕೇಪಬಿಲಿಟಿ ಬ್ರೌನ್ ಬಂದ. ಎಲ್ಲ ಸರಿ, ಆದರೆ ಕಿಟಕಿ ತೆಗೆದರೆ ಊರು ಕಾಣುತ್ತದಲ್ಲ! ಜನ, ಗದ್ದಲ, ಹೊಗೆ. ಅದಕ್ಕೆ ಅವನು ಊರನ್ನೇ ತೆಗೆದುಹಾಕಲು ಹೊರಟ. ಒಂದೊಂದೇ ಮನೆಯ ಗುತ್ತಿಗೆ ಮುಗಿಯುತ್ತಿದ್ದಂತೆ ಮನೆ ಕೆಡವಿಸಿದ. ಕಣಿವೆಯ ಮರೆಯಲ್ಲಿ ಈ ಹೊಸ ಬೀದಿ ಕಟ್ಟಿಸಿದ. ಆದರೆ ಹಳೇ ಊರಿನ ಅಷ್ಟೂ ಜನರಿಗೆ ಈ ಒಂದು ಬೀದಿ ಎಲ್ಲಿ ಸಾಲಬೇಕು?

ಒಬ್ಬ ಮಾತ್ರ ಜಗ್ಗಲಿಲ್ಲ. ಹ್ಯಾರಿಸನ್ ಅಂತ ಒಬ್ಬ ವಕೀಲ. "ನನ್ನ ಗುತ್ತಿಗೆ ಇನ್ನೂ ಇದೆ, ಹೋಗಲ್ಲ" ಅಂದ. ದೊರೆ ಕೆರೆಯ ತೂಬು ತೆಗೆಸಿ ಅವನ ಮನೆಗೆ ನೀರು ನುಗ್ಗಿಸಿದ. ಹ್ಯಾರಿಸನ್ ಸೀದಾ ಕೋರ್ಟಿಗೆ ಹೋದ, ಗೆದ್ದೂ ಬಿಟ್ಟ! ಶಾಲೆಯ ಹುಡುಗರ ಕಾಟವೂ ದೊರೆಗೆ ಕಮ್ಮಿ ಇರಲಿಲ್ಲ. ಅವನ ತೋಟದ ಸೌತೆಕಾಯಿ ಕದಿಯುತ್ತಿದ್ದರಂತೆ. ಕೊನೆಗೆ 1785ರಲ್ಲಿ ಪಾರ್ಲಿಮೆಂಟಿನಲ್ಲಿ ಕಾಯ್ದೆಯನ್ನೇ ಮಾಡಿಸಿ ಶಾಲೆಯನ್ನು ಬ್ಲ್ಯಾಂಡ್‌ಫರ್ಡ್‌ಗೆ ಸಾಗಹಾಕಿದ. ಟ್ರಫಾಲ್ಗರ್ ಯುದ್ಧದಲ್ಲಿ ನೆಲ್ಸನ್‌ನ ಹಡಗಿನ ಕ್ಯಾಪ್ಟನ್ ಆಗಿದ್ದ ಥಾಮಸ್ ಹಾರ್ಡಿ ಆ ಶಾಲೆಯಲ್ಲೇ ಓದಿದವನು.

ಬೀದಿಯ ಕೆಳತುದಿಯಲ್ಲಿ ವಯಸ್ಸಾದ ಹೆಂಗಸೊಬ್ಬರು ಬಾಗಿಲ ಪಕ್ಕದ ಗುಲಾಬಿ ಗಿಡ ಕತ್ತರಿಸುತ್ತಿದ್ದರು. ಗೋಡೆ ಮುಟ್ಟಿ ನೋಡಬಹುದಾ ಅಂತ ಕೇಳಿದೆ. ನಕ್ಕರು.

"ಮುಟ್ಟಿ. ಒಳಗೆಲ್ಲ ಮಣ್ಣೇ. ಮಣ್ಣಿಗೆ ಹುಲ್ಲು ಸೇರಿಸಿ ತುಳಿದು ಕಟ್ಟಿದ್ದು."

ಗೋಡೆ ನನ್ನ ಮೊಳದುದ್ದ ದಪ್ಪ ಇತ್ತು. ಸುಣ್ಣದ ಕೆಳಗೆ ಅಲ್ಲಲ್ಲಿ ಉಬ್ಬು ತಗ್ಗು. ಒಂದು ಕಡೆ ಚಕ್ಕೆ ಎದ್ದು ಹುಲ್ಲಿನ ಕಡ್ಡಿಯೊಂದು ಹೊರಗೆ ಇಣುಕುತ್ತಿತ್ತು.

"ಇಷ್ಟು ದೊಡ್ಡ ಮನೆ ಕೊಟ್ಟಿದ್ದಾನಲ್ಲ, ಪರವಾಗಿಲ್ಲ ದೊರೆ," ಅಂದರು ನಮ್ಮ ಯಜಮಾನರು.

"ಒಂದು ಮನೆ ಅಲ್ಲ ಅದು, ಎರಡು," ಅಂದರು ಆಕೆ. "ನಡುವೆ ಒಂದೇ ಬಾಗಿಲು. ಒಳಗೆ ಹೋದರೆ ಎಡಕ್ಕೊಂದು ಸಂಸಾರ, ಬಲಕ್ಕೊಂದು ಸಂಸಾರ. ದೂರದಿಂದ ನೋಡುವವರಿಗೆ ಮಾತ್ರ ದೊಡ್ಡ ಮನೆ."

ಯಜಮಾನರು ಸುಮ್ಮನಾದರು. ಆಮೇಲೆ ಆಕೆ ಕತ್ತರಿಯನ್ನು ಎದುರಿನ ಕಾರುಗಳ ಕಡೆ ತೋರಿಸಿ ಅಂದರು: "ಅವನಿಗೆ ನಾವು ಕಣ್ಣಿಗೆ ಬೀಳಬಾರದಿತ್ತು. ಈಗ ನಾನು ಪರದೆ ಸರಿಸಿದರೆ ಸಾಕು, ಕಿಟಕಿಯಾಚೆ ಯಾರೋ ಒಬ್ಬರು ಕ್ಯಾಮೆರಾ ಹಿಡಿದು ನಿಂತಿರುತ್ತಾರೆ. ದೊರೆಯ ಬಂಗಲೆ ನೋಡೋಕೆ ಯಾರು ಬರ್ತಾರೆ ಹೇಳಿ?"

ನಾವು ಹೋದೆವು. ನಾವು ಹೋದಾಗ ಬಂಗಲೆ ವಸತಿ ಶಾಲೆಯಾಗಿತ್ತು, ಆ ಶಾಲೆ 2025ರಲ್ಲಿ ಮುಚ್ಚಿತು. ನನಗೇನೂ ಹಿಡಿಸಲಿಲ್ಲ. ಮಠದ ಚರ್ಚಿಗೆ ಹೊಂದಲಿ ಅಂತ ಚೂಪು ಕಮಾನಿನ ಗಾಥಿಕ್ ವೇಷ ತೊಡಿಸಿದ್ದಾರೆ, ಹೊಂದಿಲ್ಲ. ಚೇಂಬರ್ಸ್‌ಗೂ ಆ ದೊರೆಯ ಸಹವಾಸ ಸಾಕಾಗಿತ್ತು, ಜಗಳವಾಡಿಕೊಂಡು ಹೋದ. ಎದುರಿನ ಹುಲ್ಲುಹಾಸು ಮಾತ್ರ ಬಲು ಚೆಂದ. ಅಷ್ಟು ಚೆಂದ ಇರುವುದಕ್ಕೇ ಕಸಿವಿಸಿ ಆಯಿತು. ನಾವು ನಡೆಯುತ್ತಿದ್ದದ್ದು ಯಾರದೋ ಅಡುಗೆಮನೆ, ಯಾರದೋ ಅಂಗಡಿಯ ಮೇಲೆ.

ಪಕ್ಕದ ಚರ್ಚು ಮಾತ್ರ ಎಂಥ ಎತ್ತರ! 1309ರಲ್ಲಿ ಸಿಡಿಲು ಬಡಿದು ಸುಟ್ಟುಹೋಗಿ, ಮತ್ತೆ ಕಟ್ಟಿದಾಗ ಮುಂಭಾಗ ಕಟ್ಟಲೇ ಇಲ್ಲ. ಅರ್ಧ ಚರ್ಚೇ ಇಷ್ಟಿದೆ. ಅದರ ಒಂದು ಬದಿಯಲ್ಲಿ ಬಿಳಿ ಅಮೃತಶಿಲೆಯ ಸಮಾಧಿ. ರಾಬರ್ಟ್ ಆಡಮ್ ವಿನ್ಯಾಸ, ಕೆತ್ತಿದವನು ಕಾರ್ಲೀನಿ. 1775ರಲ್ಲಿ ತೀರಿಕೊಂಡ ಲೇಡಿ ಮಿಲ್ಟನ್, ಅಂದರೆ ಕ್ಯಾರೊಲಿನ್, ಮಲಗಿದ್ದಾಳೆ. ಪಕ್ಕದಲ್ಲಿ ಮೊಣಕೈ ಊರಿ, ತಲೆಗೆ ಕೈ ಕೊಟ್ಟು, ಅವಳ ಮುಖವನ್ನೇ ನೋಡುತ್ತ ಒರಗಿದ್ದಾನೆ ಅವನು. ಊರು ಕೆಡವಿಸಿದ ಅದೇ ದೊರೆ.

ಬೈಯ್ಯುವ ಹುರುಪಿನಲ್ಲೇ ಒಳಗೆ ಬಂದಿದ್ದೆ. ಆ ಮುಖ ನೋಡಿ ಬಾಯಿ ಕಟ್ಟಿತು. ಹೆಂಡತಿ ಹೋದ ಮರುವರ್ಷವೇ ಹಿರಿಮಗ ಜಾನ್ ಸಾಲ ಮಾಡಿಕೊಂಡು ಲಂಡನ್ನಿನಲ್ಲಿ ಗುಂಡು ಹಾರಿಸಿಕೊಂಡು ಸತ್ತ. (ಆ ಜಾನ್‌ನ ಹೆಂಡತಿ ಆ್ಯನ್ ಡೇಮರ್ ಆಮೇಲೆ ಹೆಸರಾಂತ ಶಿಲ್ಪಿಯಾದಳು. ಅವಳದೇ ಒಂದು ಕಥೆ.) ಇಷ್ಟೆಲ್ಲ ಆಗುತ್ತಿದ್ದಾಗಲೂ ಆಚೆ ಮನೆ ಕೆಡವುವ ಕೆಲಸ ನಿಲ್ಲಲಿಲ್ಲ.

"ಇಷ್ಟು ಪ್ರೀತಿ ಇದ್ದವನಿಗೆ ಬೇರೆಯವರ ಮನೆ ಮುರಿಯೋಕೆ ಹೇಗೆ ಮನಸ್ಸು ಬಂತು?" ಅಂದೆ.

"ಪ್ರೀತಿ ಅವಳ ಮೇಲೆ ತಾನೆ, ಊರಿನ ಮೇಲಲ್ಲವಲ್ಲ," ಅಂದರು ಯಜಮಾನರು. ಮೂವತ್ತು ವರ್ಷದ ಸಂಸಾರದಲ್ಲಿ ಅವರ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲದಿದ್ದದ್ದು ಅಪರೂಪ.

ಹೋಗುವವರಿಗೆ ಒಂದು ಮಾತು. ಲಂಡನ್ನಿನಿಂದ ಡಾರ್ಚೆಸ್ಟರ್‌ವರೆಗೆ ಸಲೀಸಾಗಿ ರೈಲಿದೆ. ಅಲ್ಲಿಂದ ಮುಂದಕ್ಕೆ ಟ್ಯಾಕ್ಸಿ ನಂಬಬೇಡಿ. ನಮ್ಮನ್ನು ಬಿಟ್ಟುಹೋದವನು "ಐದಕ್ಕೆ ಬರ್ತೀನಿ" ಅಂದವನು ಏಳಾದರೂ ಪತ್ತೆ ಇಲ್ಲ. ಕಣಿವೆಯಲ್ಲಿ ನಮ್ಮ ಫೋನಿಗೆ ಸಿಗ್ನಲ್ ಇಲ್ಲ. ಕೊನೆಗೆ ಪಬ್‌ನವರು ಫೋನ್ ಮಾಡಿ ಬೇರೆ ಗಾಡಿ ಕರೆಸಿದರು, ಬಂದವನು ದುಪ್ಪಟ್ಟು ಕಿತ್ತ. ಕಾರು ಬಾಡಿಗೆಗೆ ತಗೊಂಡು ನೀವೇ ಓಡಿಸಿಕೊಂಡು ಹೋಗಿ. ಕಾರನ್ನು ಮಾತ್ರ ಆ ಬೀದಿಯ ಹುಲ್ಲಿನ ಮೇಲೆ ನಿಲ್ಲಿಸಬೇಡಿ, ಅಲ್ಲಿ ಜನ ವಾಸ ಇದ್ದಾರೆ.