ಕಾಂಡ್ಲಾ ಗಿಡದ ಮೇಲೆ ಡೆಬ್ರಿ: ಫೋಟೋ ಕಳಿಸುವ ಮುಂಚೆ

ಮುಂಬಯಿಯ ನಮ್ಮ ಕನ್ನಡ ಸಂಘಗಳ, ಸೊಸೈಟಿಗಳ ವಾಟ್ಸಾಪ್ ಗುಂಪುಗಳಿಗೆ ಖಾಡಿ (ಸಮುದ್ರದ ನೀರು ಒಳನುಗ್ಗುವ ಅಳಿವೆ) ಬದಿಯ ಕಾಂಡ್ಲಾ, ಅಂದರೆ ಮ್ಯಾಂಗ್ರೋವ್ ಗಿಡಗಳ ಮೇಲೆ ಡಂಪರ್‌ಗಳು ಡೆಬ್ರಿ (ಕಟ್ಟಡ ಒಡೆದ ಕಸ) ಸುರಿಯುವ ಫೋಟೋ ಆಗಾಗ ಬರುತ್ತದೆ. ಕೆಳಗೆ ‘ಯಾರಾದರೂ ನಿಲ್ಲಿಸಿ’ ಎಂಬ ಸಾಲು. ಎಲ್ಲಿ, ಯಾವಾಗ ಎಂಬುದೇ ಇರುವುದಿಲ್ಲ. ಅಂಥ ಫೋಟೋ ಊರೆಲ್ಲ ಸುತ್ತಿದರೂ ಅದನ್ನು ನಂಬಿ ಯಾವ ಅಧಿಕಾರಿಯೂ ಸ್ಥಳಕ್ಕೆ ಹೋಗಲಾರ.

ಕಾನೂನು ಗಟ್ಟಿಯಾಗಿಯೇ ಇದೆ. 2018ರ ಸೆಪ್ಟೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್ ಮಹಾರಾಷ್ಟ್ರದುದ್ದಕ್ಕೂ ಕಾಂಡ್ಲಾ ನಾಶವನ್ನೂ ಅಲ್ಲಿ ಡೆಬ್ರಿ ಸುರಿಯುವುದನ್ನೂ ನಿಷೇಧಿಸಿತು. ಸುತ್ತಲಿನ 50 ಮೀಟರ್ ಒಳಗೆ ನಿರ್ಮಾಣವೂ ಕೂಡದೆಂದಿತು. ನಮ್ಮಿಂದ ಬೇಕಿರುವುದು ಪುರಾವೆ.

ಮೊದಲು ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಆನ್ ಮಾಡಿ. ಸೇತುವೆ, ವಿದ್ಯುತ್ ಟವರ್‌ನಂಥ ಗುರುತು ಕಾಣುವಂತೆ ಒಂದು ಅಗಲದ ಫೋಟೋ, ಡೆಬ್ರಿ ಮತ್ತು ಗಿಡ ಜೊತೆಗೆ ಕಾಣುವ ಇನ್ನೊಂದು. ಒಣಗಿದ ಎಲೆಗಿಂತ ಮುಖ್ಯವಾದದ್ದು ಮಣ್ಣಿನ ಒಡ್ಡು. ಕಾಂಡ್ಲಾ ಗಿಡ ಬದುಕುವುದು ಉಬ್ಬರದ ನೀರು ಬಂದುಹೋಗುವುದರಿಂದ. ಹಲವು ಜಾತಿಗಳು ಕೆಸರಿನಿಂದ ಮೇಲೆದ್ದ ಬೇರುಗಳಿಂದ ಉಸಿರಾಡುತ್ತವೆ. ಒಡ್ಡು ಹಾಕಿ ನೀರು ತಡೆದರೆ ಕೊಡಲಿ ಮುಟ್ಟದೆಯೇ ಗಿಡ ಸಾಯುತ್ತದೆ. ಇಳಿತದ ಹೊತ್ತಿನಲ್ಲಿ ಮುಚ್ಚಿದ ಕಾಲುವೆ ಚೆನ್ನಾಗಿ ಕಾಣುತ್ತದೆ, ಆಗಲೇ ತೆಗೆಯಿರಿ. ಗಾಡಿಯ ನಂಬರ್ ದೂರದಿಂದ ಸಿಕ್ಕರೆ ಸರಿ, ಡಂಪರ್ ಹತ್ತಿರ ಮಾತ್ರ ಹೋಗಬೇಡಿ. ಆ ನಂಬರ್ ದೂರಿಗೆ ಸಾಕು, ಗುಂಪಿಗೆ ಬೇಡ.

ಹೆಚ್ಚಿನವರು ಎಡವುವುದು ಇಲ್ಲಿ: ವಾಟ್ಸಾಪ್‌ನಲ್ಲಿ ಫೋಟೋವನ್ನು ಫೋಟೋವಾಗಿಯೇ ಕಳಿಸಿದರೆ ಅದು ಕುಗ್ಗುತ್ತದೆ, ಒಳಗಿದ್ದ ಲೊಕೇಶನ್ ಮಾಹಿತಿಯೂ ಅಳಿಸಿಹೋಗುತ್ತದೆ. ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಉಳಿಯುತ್ತದೆ. ಮೂಲ ಫೈಲನ್ನು ಫೋನಿನಿಂದ ತೆಗೆಯಲೇಬೇಡಿ. ಇನ್ನೊಂದು ತೊಡಕು, ಲೊಕೇಶನ್ ದಾಖಲಾಗುವುದು ನೀವು ನಿಂತ ಜಾಗದ್ದು. ಖಾಡಿಯ ಆಚೆ ದಡದಿಂದ ತೆಗೆದಿದ್ದರೆ ತನಿಖೆಗೆ ಬಂದವರು ತಪ್ಪು ದಡಕ್ಕೆ ಹೋಗಿ ‘ಏನೂ ಕಾಣಲಿಲ್ಲ’ ಎಂದು ಬರೆದು ಮುಗಿಸುತ್ತಾರೆ. ಗೂಗಲ್ ಮ್ಯಾಪ್‌ನಲ್ಲಿ ಡೆಬ್ರಿ ಬಿದ್ದ ಜಾಗವನ್ನೇ ಒತ್ತಿ ಹಿಡಿದು, ಬರುವ ಅಂಕಿಗಳನ್ನು ನಕಲು ಮಾಡಿ ಸೇರಿಸಿ.

ನಮ್ಮವರಿಗೆ ಕನ್ನಡದಲ್ಲಿ ಬರೆಯಿರಿ. ಪಾಲಿಕೆಯ ವಾರ್ಡ್ ಕಚೇರಿಗೆ, ಅರಣ್ಯ ಇಲಾಖೆಯ ಮ್ಯಾಂಗ್ರೋವ್ ಸೆಲ್‌ಗೆ ಮರಾಠಿಯಲ್ಲಿ ನಾಲ್ಕು ಸಾಲು. ಎಕ್ಸ್‌ನಲ್ಲಿ ಟ್ಯಾಗ್ ಮಾಡಿದ್ದನ್ನೇ ದೂರು ಅಂದುಕೊಳ್ಳಬೇಡಿ, ಲಿಖಿತ ದೂರು ಬೇರೆಯೇ ಕೊಡಬೇಕು. ಮುಂಬಯಿಯ ಆರೆ ಕಾಡಿನಲ್ಲಿ ಆದದ್ದನ್ನು ನೆನೆಯಿರಿ. 2019ರ ಅಕ್ಟೋಬರ್ 4ರ ರಾತ್ರಿ ಮೆಟ್ರೋ ಕಾರ್ ಶೆಡ್‌ಗಾಗಿ ಮರ ಕಡಿಯುವ ಸುದ್ದಿ ಫೋನುಗಳಲ್ಲಿ ಹಬ್ಬಿ ಜನ ಓಡಿಬಂದರು. ಆದರೂ ಸುಪ್ರೀಂ ಕೋರ್ಟ್ ಅಕ್ಟೋಬರ್ 7ರಂದು ಕಡಿತ ನಿಲ್ಲಿಸುವಷ್ಟರಲ್ಲಿ 2,000ಕ್ಕೂ ಹೆಚ್ಚು ಮರ ಉರುಳಿದ್ದವು, ಮತ್ತು ಕೋರ್ಟ್ ವಿಚಾರಣೆಗೆ ಎತ್ತಿಕೊಂಡದ್ದು ಒಬ್ಬ ಕಾನೂನು ವಿದ್ಯಾರ್ಥಿಯ ಪತ್ರವನ್ನು. ಕೂಗೂ ಬೇಕು, ಕಾಗದವೂ ಬೇಕು.

ದೂರಿನ ನಂಬರ್ ಸಿಕ್ಕ ಕೂಡಲೇ ಅದನ್ನು ಗುಂಪಿನಲ್ಲಿ ಹಾಕಿ. ಇಲ್ಲದಿದ್ದರೆ ಯಾರೋ ಕೊಟ್ಟಿರುತ್ತಾರೆಂದು ಎಲ್ಲರೂ ಸುಮ್ಮನಾಗುತ್ತಾರೆ. ಎರಡು ಬಾಣದ ಗುರುತಿನೊಂದಿಗೆ ಬರುವ, ಬಹಳ ಸಲ ಫಾರ್ವರ್ಡ್ ಆದ ಚಿತ್ರವನ್ನು ದಿನಾಂಕ ಕೇಳದೆ ಮುಂದೆ ದಾಟಿಸಬೇಡಿ. ಹಳೆಯ ಫೋಟೋ ಒಂದು ಬಯಲಾದರೆ ನಾಳಿನ ನಿಜವಾದ ದೂರನ್ನೂ ಯಾರೂ ನಂಬುವುದಿಲ್ಲ. ಕೆಲಸ ಆಗದೆಯೇ ದೂರು ಮುಚ್ಚಿದ್ದರೆ ಅದೇ ಜಾಗದಲ್ಲಿ, ಅದೇ ಕೋನದಿಂದ ಹೊಸ ಫೋಟೋ ತೆಗೆದು, ಹಳೆಯ ನಂಬರ್ ನಮೂದಿಸಿ ಮತ್ತೆ ಕೊಡಿ.