ಗ್ರಂಥಾಲಯದ ತೆರೆಗೂ ಒಂದು ಅಂದ ಬೇಕು

ನಾನು ವಿಜಯಪುರದ ಕಾಲೇಜು ಗ್ರಂಥಾಲಯವೊಂದರಲ್ಲಿ ಕೆಲಸ ಮಾಡುತ್ತೇನೆ. ಗ್ರಂಥಾಲಯ ತಂತ್ರಾಂಶದ ಮಾತು ಬಂದಾಗಲೆಲ್ಲ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತವೆ: ಬಾರ್‌ಕೋಡ್ ಓದುತ್ತದೆಯೇ, ದಂಡದ ಲೆಕ್ಕ ತಾನಾಗಿ ಹಾಕುತ್ತದೆಯೇ, ಕಾಲೇಜಿನ ಗುಣಮಟ್ಟ ಅಳೆಯಲು ಬರುವ ನ್ಯಾಕ್ ತಂಡಕ್ಕೆ ಬೇಕಾದ ವರದಿ ಕೊಡುತ್ತದೆಯೇ. ಓದುಗರು ಪುಸ್ತಕ ಹುಡುಕುವಾಗ ನೋಡುವ ಕಂಪ್ಯೂಟರ್ ತೆರೆ ಹೇಗಿದೆ ಎಂಬುದನ್ನು ವಿಚಾರಿಸಿದರೆ, ‘ಬಣ್ಣ ತಗೊಂಡು ಏನ್ ಮಾಡೋದೈತ್ರಿ, ಪುಸ್ತಕ ಸಿಕ್ಕರ ಸಾಕು’ ಎಂಬ ಉತ್ತರ ಸಿದ್ಧವಿರುತ್ತದೆ. ಪುಸ್ತಕ ಸಿಗುವುದಕ್ಕೂ ತೆರೆಯ ಅಂದಕ್ಕೂ ನೇರ ಸಂಬಂಧವಿದೆ ಎಂಬುದು ನನ್ನ ವಾದ. ಕನ್ನಡದ ಮಟ್ಟಿಗಂತೂ ಅದು ಕಣ್ಣಿಗೇ ಕಾಣುತ್ತದೆ.

‘ಸಮಾಜಶಾಸ್ತ್ರ’ ಎಂದು ಹುಡುಕಿದಾಗ ಬರುವ ಪುಟವನ್ನೇ ನೋಡಿ. ‘ಸ್ತ್ರ’ದ ಒತ್ತಕ್ಷರಗಳಿಗೆ, ಇಂಗ್ಲಿಷಿನ ಅಳತೆಗೆ ಹೊಂದಿಸಿದ ಸಾಲುಗಳ ನಡುವೆ ಜಾಗ ಸಾಲುವುದಿಲ್ಲ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಬಟನ್ನಿನೊಳಗಿನ ಅಕ್ಷರಗಳ ಬುಡವೇ ಕತ್ತರಿಸಿ ಹೋಗಿರುತ್ತದೆ. ಬೇಕಾದ ಪುಸ್ತಕ ಪಟ್ಟಿಯ ನಡುವೆಯೇ ಇದ್ದರೂ ವಿದ್ಯಾರ್ಥಿಗಳು ಅಲ್ಲಿಯವರೆಗೆ ಓದದೆ ಎದ್ದು ಬಂದು, ‘ಸರ್, ನೀವ ಹುಡುಕಿ ಕೊಡ್ರಿ’ ಎನ್ನುತ್ತಾರೆ. ಕೋಹಾದಂಥ ಮುಕ್ತ ಗ್ರಂಥಾಲಯ ತಂತ್ರಾಂಶದಲ್ಲಿ ಓದುಗರ ಪುಟಕ್ಕೆ ನಮ್ಮದೇ ಸಿಎಸ್‌ಎಸ್ (ಪುಟದ ರೂಪವನ್ನು ನಿರ್ಧರಿಸುವ ಸೂಚನೆಗಳು) ಸೇರಿಸಲು ಅವಕಾಶವಿದೆ. ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ 1.7 ಪಟ್ಟು ಮಾಡಿ, ನೋಟೊ ಸಾನ್ಸ್ ಕನ್ನಡದಂಥ ಯೂನಿಕೋಡ್ ಫಾಂಟ್ ಕೊಟ್ಟು, ಶೀರ್ಷಿಕೆಯನ್ನು ದಪ್ಪಗೆ, ಪುಸ್ತಕ ಕಪಾಟಿನಲ್ಲಿ ಎಲ್ಲಿದೆ ಎಂದು ತಿಳಿಸುವ ಕಾಲ್ ನಂಬರನ್ನು ಅದರ ಕೆಳಗೆ ಬೇರೆ ಬಣ್ಣದಲ್ಲಿ ಇಟ್ಟರೆ, ಒಂದು ದಾಖಲೆಯನ್ನೂ ತಿದ್ದದೆ ಪುಟ ಓದುವಂತಾಗುತ್ತದೆ.

1995ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಜಪಾನಿನ ಸಂಶೋಧಕರಾದ ಕುರೊಸು ಮತ್ತು ಕಶಿಮುರಾ, ಎಟಿಎಂ ತೆರೆಯ 26 ವಿನ್ಯಾಸಗಳನ್ನು 252 ಜನರಿಗೆ ತೋರಿಸಿ, ಯಾವುದು ಅಂದ, ಯಾವುದು ಸುಲಭ ಎಂದು ಅಂಕ ಕೊಡಿಸಿದ್ದರು. ಅಂದವೆನಿಸಿದ್ದೇ ಬಹುಮಟ್ಟಿಗೆ ಸುಲಭವೆಂದೂ ತೋರಿತು. ಅದು ನಿಜವಾಗಿ ಸುಲಭವಾಗಿತ್ತೇ ಎಂಬುದು ಬೇರೆ ಮಾತು. ಆದರೆ ಗ್ರಂಥಾಲಯದಲ್ಲಿ ಆ ‘ತೋರುವುದಕ್ಕೆ’ ಬೆಲೆಯಿದೆ, ಏಕೆಂದರೆ ಇಲ್ಲಿ ಮೊದಲ ಹುಡುಕಾಟ ತಪ್ಪುವುದೇ ಹೆಚ್ಚು. ನಮ್ಮೂರಿನ ಫ.ಗು. ಹಳಕಟ್ಟಿಯವರ ಹೆಸರನ್ನೇ ‘ಹಲಕಟ್ಟಿ’ ಎಂದು ಟೈಪ್ ಮಾಡಿದರೆ ಪುಟ ಖಾಲಿ ಬರಬಹುದು. ತೆರೆ ಚೊಕ್ಕವಾಗಿದ್ದರೆ ಓದುಗ ತನ್ನ ಕಾಗುಣಿತವನ್ನು ಇನ್ನೊಮ್ಮೆ ನೋಡುತ್ತಾನೆ. ಗಲೀಜಾಗಿದ್ದರೆ ಪುಸ್ತಕವೇ ಇಲ್ಲವೆಂದು ತೀರ್ಮಾನಿಸುತ್ತಾನೆ.

ಅಂದವೆಂದರೆ ಅಲಂಕಾರವಲ್ಲ. ಉದ್ಘಾಟನೆಯ ಫೋಟೊಗಳು ಒಂದರ ಹಿಂದೊಂದು ಸರಿಯುತ್ತ, ಹುಡುಕುವ ಪೆಟ್ಟಿಗೆ ಅವುಗಳ ಕೆಳಗೆಲ್ಲೋ ಅಡಗಿರುವ ಗ್ರಂಥಾಲಯ ಜಾಲತಾಣದ ಮುಖಪುಟಗಳು ನಮ್ಮ ಕಡೆ ಧಾರಾಳವಾಗಿವೆ. ಹಾರ ಹಾಕಿಸಿಕೊಂಡವರ ಚಿತ್ರಕ್ಕೆ ವಾರ್ಷಿಕ ಸಂಚಿಕೆಯಲ್ಲಿ ಜಾಗವಿದ್ದೇ ಇದೆ.

ಪುಸ್ತಕಗಳ ಮುಖಪುಟಗಳ ವಿಷಯ ಇನ್ನೂ ಸೂಕ್ಷ್ಮ. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಇದ್ದರೆ ಗೂಗಲ್ ಬುಕ್ಸ್ ಅಥವಾ ಓಪನ್ ಲೈಬ್ರರಿಯಿಂದ ಚಿತ್ರ ತರಿಸಲು ಕೋಹಾದಲ್ಲಿ ವ್ಯವಸ್ಥೆಯಿದೆ. ಹಳೆಯ ಕನ್ನಡ ಪುಸ್ತಕಗಳಿಗೆ ಆ ಸಂಖ್ಯೆಯೇ ಇಲ್ಲ. ಹೀಗಾಗಿ ಬಣ್ಣಬಣ್ಣದ ಇಂಗ್ಲಿಷ್ ಪುಸ್ತಕಗಳ ಪಕ್ಕದಲ್ಲಿ ಕನ್ನಡದವು ಚಿತ್ರವಿಲ್ಲದ ಬರಿಯ ಚೌಕಗಳಾಗಿ ಉಳಿಯುತ್ತವೆ, ಯಾರಿಗೂ ಬೇಡವಾದವುಗಳಂತೆ. ನಮ್ಮಲ್ಲಿ ಈಗ ಹೆಚ್ಚು ಎರವಲು ಹೋಗುವ ಕನ್ನಡ ಪುಸ್ತಕಗಳ ಮುಖಪುಟಗಳನ್ನು ಮೊಬೈಲಿನಲ್ಲಿ ಹಿಡಿದು ನಾವೇ ಸೇರಿಸುತ್ತಿದ್ದೇವೆ. ರಟ್ಟು ಕಟ್ಟಿಸಿ ಮುಖಪುಟ ಕಳೆದುಕೊಂಡವಕ್ಕೆ ಒಳಗಿನ ಶೀರ್ಷಿಕೆ ಪುಟದ ಚಿತ್ರವನ್ನೇ ಹಾಕುತ್ತೇವೆ.